ಒರ್ವಿಯೆಟೊ, ಚಿವಿತಾ ನೋಡಲು ಹೊರಟವರಿಗೆ

ಒರ್ವಿಯೆಟೊ, ಚಿವಿತಾ ಇಟಲಿಯ ಗುಡ್ಡದ ಮೇಲಿನ ಹಳೆಯ ಊರುಗಳು. ರೋಮ್‌ನಿಂದ ರೈಲಿನಲ್ಲಿ ಬಂದರೆ ನಿಲ್ದಾಣದ ಎದುರೇ ಒರ್ವಿಯೆಟೊ ಊರಿಗೆ ಹತ್ತಿಸುವ ಫ್ಯುನಿಕ್ಯುಲರ್ (ಹಗ್ಗ ಎಳೆಯುವ ಇಳಿಜಾರಿನ ರೈಲು) ಇದೆ. ಕಾರಿನವರು 'ಝಡ್‌ಟಿಎಲ್' (ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ಪ್ರದೇಶ) ಫಲಕ ದಾಟಲೇಬೇಡಿ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೇ ಬರುತ್ತದೆ, ಬಾಡಿಗೆ ಕಾರಿನವರ ಶುಲ್ಕ ಬೇರೆ.

1290ರಲ್ಲಿ ಕಟ್ಟಲು ಶುರುವಾದ ಒರ್ವಿಯೆಟೊದ ಕೆಥೆಡ್ರಲ್ (ಮುಖ್ಯ ಚರ್ಚು) ಪಶ್ಚಿಮದತ್ತ ಮುಖಮಾಡಿದೆ. ಮುಂಗೋಡೆಯ ಬಂಗಾರದ ಮೊಸಾಯಿಕ್ (ಸಣ್ಣ ಚೂರುಗಳ ಚಿತ್ರ) ಹೊಳೆಯುವುದು ಸಂಜೆ ಬಿಸಿಲಿಗೆ. ಎಡತುದಿಯ ಅಮೃತಶಿಲೆಯ ಕೆತ್ತನೆಗೆ ಹತ್ತಿರ ಹೋಗಿ: ಬೈಬಲ್ ಕಥೆಯಂತೆ ಮಲಗಿದ ಆದಾಮನ ಪಕ್ಕೆಯಿಂದ ದೇವರು ಎಲುಬು ತೆಗೆಯುತ್ತಿದ್ದಾನೆ. ಅಷ್ಟು ನವಿರಾದ ಕೆಲಸ ಅಪರೂಪ.

ಸಣ್ಣ ಊರಿನ ಚರ್ಚುಗಳು ಸಾಮಾನ್ಯವಾಗಿ ಮಧ್ಯಾಹ್ನ 12:30ರಿಂದ 3ರವರೆಗೆ ಮುಚ್ಚಿರುತ್ತವೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆಯಿರಲಿ. ಭಿತ್ತಿಚಿತ್ರಗಳು ಕತ್ತಲಲ್ಲಿರುತ್ತವೆ, ಎಷ್ಟೋ ಕಡೆ ಡಬ್ಬಿಗೆ ನಾಣ್ಯ ಹಾಕಿದರೆ ಮಾತ್ರ ಒಂದೆರಡು ನಿಮಿಷ ದೀಪ. 50 ಸೆಂಟ್, 1 ಯೂರೋ ಚಿಲ್ಲರೆ ಇಟ್ಟುಕೊಳ್ಳಿ.

ಚಿವಿತಾಗೆ ಒರ್ವಿಯೆಟೊದಿಂದ ಪಕ್ಕದ ಊರು ಬಾನ್ಯೊರೆಜೊವರೆಗೆ ಬಸ್, ಮುಂದೆ ನೆರಳಿಲ್ಲದ, ಏರುವ ಕಾಲುಸೇತುವೆಯ ಮೇಲೆ ನಡಿಗೆ. ಭಾನುವಾರ ಬಸ್ ನಂಬಿ ಹೊರಡಬೇಡಿ.