ಟೈಲರ್‌ಗಳನ್ನೇ ಸೂಪರ್‌ವೈಸರ್ ಮಾಡಿದ್ದು: ಗಾರ್ಮೆಂಟ್ಸ್ ಫ್ಲೋರ್‌ನ ನನ್ನ ಅನುಭವ

ಬೆಂಗಳೂರಿನ ಯಾವುದೇ ಗಾರ್ಮೆಂಟ್ಸ್‌ಗೆ ಹೋಗಿ ನೋಡಿ. ಮಷೀನ್ ಮುಂದೆ ಕೂತವರಲ್ಲಿ ಬಹುತೇಕರು ಹೆಂಗಸರು. ಅವರ ಹಿಂದೆ ನಿಂತು ಪೀಸ್ ಎಣಿಸುವ ಸೂಪರ್‌ವೈಸರ್‌ಗಳು, ಅವರ ಮೇಲಿನ ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್, ಹೆಚ್ಚಾಗಿ ಗಂಡಸರು. ನಮ್ಮ ಫ್ಯಾಕ್ಟರಿಯೂ ಹೀಗೇ ಇತ್ತು. ನಾನು ಕಾಲರ್ ಅಟ್ಯಾಚ್ ಮಾಡುವ ಟೈಲರ್ ಆಗಿ ಸೇರಿದವಳು, ಈಗ ಒಂದು ಫ್ಲೋರ್ ನೋಡಿಕೊಳ್ಳುತ್ತೇನೆ. ಇನ್‌ಚಾರ್ಜ್ ಆದಮೇಲೆ ಮೊದಲು ಕೈಗೆತ್ತಿಕೊಂಡ ಕೆಲಸ, ಟೈಲರ್‌ಗಳಲ್ಲೇ ಸೂಪರ್‌ವೈಸರ್‌ಗಳನ್ನು ತಯಾರು ಮಾಡುವುದು.

'ಕರೆದರೂ ಅವರೇ ಬರಲ್ಲ' ಅಂತ ಆಫೀಸಿನವರು ಹೇಳುತ್ತಿದ್ದರು. ಬೇಡ ಅಂದವರು ಇದ್ದದ್ದು ನಿಜ. ಆದರೆ ಊಟದ ಹೊತ್ತಲ್ಲಿ ಪಕ್ಕ ಕೂತು ಯಾಕೆ ಅಂತ ಕೇಳಿದಾಗ ಬಂದ ಉತ್ತರಗಳೇ ಬೇರೆ. 'ಅಕ್ಕಾ, ಐದೂವರೆಗೆ ಕ್ರೆಶ್ ಮುಚ್ತಾರೆ, ಸೂಪರ್‌ವೈಸರ್ ಮೀಟಿಂಗ್ ಶುರು ಆಗೋದೇ ಆಗ, ಮಗೂನ ಯಾರು ನೋಡ್ಕೋತಾರೆ?' 'ಸೂಪರ್‌ವೈಸರ್‌ಗೆ ಓಟಿ (ಹೆಚ್ಚು ಹೊತ್ತಿನ ಕೆಲಸದ ದುಡ್ಡು) ಇಲ್ಲ, ಈಗ ಬರೋ ದುಡ್ಡೂ ಹೋಗುತ್ತೆ.' 'ರಿಪೋರ್ಟ್ ಎಲ್ಲ ಇಂಗ್ಲಿಷಲ್ಲಿದೆ.' ನನಗೆ ಜಾಸ್ತಿ ನೋವಾದದ್ದು ಇದನ್ನು ಕೇಳಿ: 'ಅವರ ಥರ ಬೈಯೋಕೆ ನನ್ನಿಂದ ಆಗಲ್ಲ.' ಬಾಯಿ ಜೋರಿದ್ದರೆ ಮಾತ್ರ ಲೈನ್, ಅಂದರೆ ಒಟ್ಟಿಗೆ ಒಂದು ಬಟ್ಟೆ ಹೊಲಿಯುವ ಮಷೀನ್‌ಗಳ ಸಾಲು, ನಡೆಸಬಹುದು ಅಂತ ಇವರೂ ನಂಬಿಬಿಟ್ಟಿದ್ದರು.

ಮೊದಲು ಮೀಟಿಂಗ್ ಅನ್ನು ಮಧ್ಯಾಹ್ನ ಊಟ ಆದ ಕೂಡಲೇ ಇಟ್ಟೆ. ದಿನದ ಲೆಕ್ಕ ಆಗ ಪೂರ್ತಿ ಇರಲ್ಲ ಅಂತ ಮ್ಯಾನೇಜರ್ ಒಪ್ಪಲಿಲ್ಲ. ನಿನ್ನೆಯ ಪೂರ್ತಿ ಲೆಕ್ಕ, ಇವತ್ತಿನ ಬೆಳಗಿನ ಲೆಕ್ಕ ಎರಡನ್ನೂ ಇಟ್ಟುಕೊಂಡು ಕೂರೋಣ, ಎಲ್ಲಿ ಬಂಡಲ್ (ಹೊಲಿಯಬೇಕಾದ ಪೀಸ್‌ಗಳ ಕಟ್ಟು) ಗುಡ್ಡೆ ಬಿದ್ದಿದೆ ಅಂತ ಆಗಲೇ ಗೊತ್ತಾದರೆ ಸಂಜೆಯೊಳಗೆ ಸರಿಮಾಡಬಹುದಲ್ವಾ ಅಂದೆ. ಸಂಜೆ ಸೇರಿದರೆ ಬೈಯೋಕೆ ಬಿಟ್ಟು ಬೇರೇನೂ ಉಳಿದಿರುವುದಿಲ್ಲ.

ಗಂಟೆ ಗಂಟೆಯ ರಿಪೋರ್ಟನ್ನು ಕನ್ನಡಕ್ಕೆ ತಂದೆವು. ಆಮೇಲೆ ಟಾರ್ಗೆಟ್ ಲೆಕ್ಕ ಕಲಿಸಿದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಒಂದು ಶರ್ಟ್ ಹೊಲಿಯಲು ಒಟ್ಟು 24 ನಿಮಿಷ ಅಂತ ಇಂಜಿನಿಯರ್ ಕೊಟ್ಟಿದ್ದಾರೆ, ಲೈನಿನಲ್ಲಿ 40 ಟೈಲರ್‌ಗಳಿದ್ದಾರೆ ಅಂದುಕೊಳ್ಳಿ. 40 ಜನ, ತಲಾ 60 ನಿಮಿಷ, ಒಟ್ಟು 2,400 ನಿಮಿಷ. ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ 100 ಪೀಸ್. ಲೈನಿನ ಎಫಿಷಿಯೆನ್ಸಿ, ಅಂದರೆ ಈ ಲೆಕ್ಕದಲ್ಲಿ ನಿಜವಾಗಿ ಆಗುವ ಪಾಲು, ಶೇಕಡಾ 60 ಇದ್ದರೆ ಬರೋದು 60 ಪೀಸ್ ಮಾತ್ರ. ಇಷ್ಟು ತಿಳಿದವಳು 'ಐದು ಜನ ರಜೆ ಇದ್ದಾರೆ, ಇವತ್ತು 80 ಹೇಗೆ ಕೇಳ್ತೀರಿ ಸರ್?' ಅಂತ ಇಂಜಿನಿಯರ್ ಎದುರಿಗೇ ಕೇಳುತ್ತಾಳೆ. ಮೇಲಿನವರು ಬೈದದ್ದನ್ನು ಕೆಳಗಿನವರಿಗೆ ದಾಟಿಸುವ ಕೆಲಸ ಅವಳಿಗೆ ಬೇಕಾಗುವುದಿಲ್ಲ.

ಹೊರಗಿನವರಿಗೆ ಕಾಣದ ಇನ್ನೊಂದು ತೊಂದರೆ ಮೆಕ್ಯಾನಿಕ್‌ದು. ಮಷೀನ್ ಕೆಟ್ಟರೆ ಅವರು ಮೊದಲು ಓಡುತ್ತಿದ್ದದ್ದು ತಮ್ಮ ಜೊತೆ ಟೀ ಕುಡಿಯುವ ಸೂಪರ್‌ವೈಸರ್ ಲೈನಿಗೆ. ಹೆಂಗಸರು ಸೂಪರ್‌ವೈಸರ್ ಆಗಿದ್ದ ಲೈನ್ ಕಾಯುತ್ತಿತ್ತು. ಕೊನೆಗೆ ಪೀಸ್ ಕಮ್ಮಿ ಬಂದಾಗ 'ನೋಡಿ, ಇವರ ಕೈಲಿ ಆಗಲ್ಲ' ಅನ್ನುವ ಮಾತು. ಕರೆದ ಹೊತ್ತು, ಬಂದ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆಸೋಕೆ ಶುರು ಮಾಡಿದೆ. ಯಾರ ಜೊತೆಗೂ ಜಗಳ ಆಡಲಿಲ್ಲ. ಚೀಟಿಗಳನ್ನು ಮೀಟಿಂಗ್‌ಗೆ ತಂದು ಓದಿದೆ, ಅಷ್ಟೇ.

'ಹೆಂಗಸರ ಮಾತು ಹೆಂಗಸರೇ ಕೇಳಲ್ಲ' ಅನ್ನುವವರಿಗೆ ನಾನು 2016ರ ಏಪ್ರಿಲ್ ನೆನಪಿಸುತ್ತೇನೆ. ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಯಿಸಿದಾಗ ಬೊಮ್ಮನಹಳ್ಳಿ ಕಡೆ ರಸ್ತೆಗಿಳಿದವರು ಇದೇ ಟೈಲರ್‌ಗಳು, ಇದೇ ಹೆಲ್ಪರ್‌ಗಳು. ದೊಡ್ಡ ನಾಯಕರು ಯಾರೂ ಕರೆದಿರಲಿಲ್ಲ. ಮರುದಿನವೇ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಒಬ್ಬರ ಮಾತು ಒಬ್ಬರು ಕೇಳದೆ ಅಷ್ಟು ಜನ ಸೇರುತ್ತಾರಾ?

ಸಂಬಳದ ವಿಷಯವೇ ಎಲ್ಲಕ್ಕಿಂತ ಕಷ್ಟದ್ದು. ಟೈಲರ್‌ಗೆ ಓಟಿ ಮಾಡಿದರೆ ಕಾನೂನಿನ ಪ್ರಕಾರ ದುಪ್ಪಟ್ಟು ಸಿಗಬೇಕು, ನಮ್ಮಲ್ಲಿ ಸೂಪರ್‌ವೈಸರ್ 'ಸ್ಟಾಫ್' ಲೆಕ್ಕ, ಹಾಗಾಗಿ ಓಟಿ ಇಲ್ಲ. ಓಟಿ ಸೇರಿಸಿ ಟೈಲರ್ ಮನೆಗೆ ಒಯ್ಯುವ ದುಡ್ಡಿಗಿಂತ ಸೂಪರ್‌ವೈಸರ್ ಸಂಬಳ ಜಾಸ್ತಿ ಇರಲೇಬೇಕು ಅಂತ ಹಟ ಹಿಡಿದೆ. ಹೊರಗಿಂದ ಬಂದ ಸೂಪರ್‌ವೈಸರ್‌ಗಳು ಎಷ್ಟು ಬೇಗ ಬಿಟ್ಟು ಹೋದರು, ಅವರು ಹೋದಮೇಲೆ ಲೈನ್ ಎಷ್ಟು ಬಿತ್ತು ಅಂತ ತೋರಿಸಿದ ಮೇಲೆ ನನ್ನ ಫ್ಲೋರ್ ಮಟ್ಟಿಗೆ ಒಪ್ಪಿದರು. ಬೇರೆ ಫ್ಲೋರ್‌ಗಳಲ್ಲಿ ಇನ್ನೂ ಆಗಿಲ್ಲ, ಅದಕ್ಕೇ ಅಲ್ಲಿ ಯಾರೂ ಮುಂದೆ ಬರುತ್ತಿಲ್ಲ.

ಒಬ್ಬಳನ್ನೇ ಮೇಲೆ ತರಬೇಡಿ, ಕಡಿಮೆ ಅಂದರೂ ಇಬ್ಬರನ್ನು ಒಟ್ಟಿಗೆ ತನ್ನಿ. ಮೀಟಿಂಗ್‌ನಲ್ಲಿ ಒಬ್ಬಳೇ ಇದ್ದರೆ ಅವಳ ಮಾತು ತುಂಡರಿಸುವುದು ಸುಲಭ. ಲೈನ್ ಕೈಗೆ ಕೊಡುವ ಮೊದಲು ಯಾರಾದರೂ ಸೂಪರ್‌ವೈಸರ್ ರಜೆ ಹಾಕಿದಾಗ ಆ ಜಾಗದಲ್ಲಿ ನಿಲ್ಲಿಸಿ ನೋಡಿ. ಕಲಿಯುವಷ್ಟು ದಿನ ಟೈಲರ್ ಗ್ರೇಡ್, ಓಟಿ ಎರಡೂ ಹಾಗೇ ಇರಲಿ.

ಈಗ ನನ್ನ ಫ್ಲೋರ್‌ನಲ್ಲಿ ಹೆಂಗಸರೇ ನಡೆಸುವ ಲೈನ್‌ಗಳು ಜಾಸ್ತಿ, ಕೂಗಾಟ ಕಮ್ಮಿ. ಆದರೆ ಇನ್‌ಚಾರ್ಜ್‌ಗಳ ಸಾಲಿನಲ್ಲಿ ಇವತ್ತಿಗೂ ನಾನೊಬ್ಬಳೇ. ನನ್ನ ನಂತರ ಆ ಕೆಲಸಕ್ಕೆ ಡಿಪ್ಲೊಮಾ ಬೇಕು ಅಂತ ಮಾಡಿದ್ದಾರೆ, ಎಸ್ಸೆಸ್ಸೆಲ್ಸಿ ಓದಿ ವರ್ಷಗಟ್ಟಲೆ ಲೈನ್ ನಡೆಸಿದವರು ಅರ್ಜಿಯನ್ನೂ ಹಾಕುವ ಹಾಗಿಲ್ಲ. ಲೈನ್ ನಡೆಸಿದ ವರ್ಷಗಳನ್ನೂ ಡಿಪ್ಲೊಮಾಗೆ ಸಮ ಅಂತ ಒಪ್ಪಬೇಕು ಅಂತ ಬರೆದು ಕೇಳಿದ್ದೇನೆ. ನಿಮ್ಮ ಫ್ಯಾಕ್ಟರಿಯಲ್ಲಿ ಯಾರಾದರೂ ಇದನ್ನು ಒಪ್ಪಿಸಿದ್ದರೆ, ಹೇಗೆ ಒಪ್ಪಿಸಿದಿರಿ ಅಂತ ನನಗೂ ತಿಳಿಸಿ.