ಮಲ್ಪೆ ಟ್ರಿಪ್ಪಿಗೆ ನಮ್ಮ ಜ್ವರದ ಬಾಟಲಿ

ಬ್ಯಾಗು ತುಂಬುವ ಮೊದಲು ಮಗುವನ್ನು ತೂಗುತ್ತೇನೆ. ಪ್ಯಾರಾಸಿಟಮಾಲ್ ಅಳತೆ ನಿಂತಿರುವುದು ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ., ಅಂದರೆ 10 ಕಿಲೋ ಮಗುವಿಗೆ 150. ಇಷ್ಟರವರೆಗೆ ಸುಲಭ. ಎಡವುವುದು ಬಾಟಲಿಯಲ್ಲಿ. 5 ಎಂ.ಎಲ್.ಗೆ 125 ಮಿ.ಗ್ರಾಂ. ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100. ಆ 150 ಮಿ.ಗ್ರಾಂ. ಮೊದಲನೆಯದರಲ್ಲಿ 6 ಎಂ.ಎಲ್., ಎರಡನೆಯದರಲ್ಲಿ 3, ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ. ಉಡುಪಿಯ ರಥಬೀದಿ ಬದಿಯ ಮೆಡಿಕಲ್‌ನಲ್ಲಿ ಅವಸರಕ್ಕೆ ಬೇರೆ ಬಾಟಲಿ ಕೊಂಡು ಮನೆಯ ರೂಢಿಯಂತೆ 6 ಎಂ.ಎಲ್. ಕುಡಿಸಿದರೆ ಒಮ್ಮೆಗೇ ದುಪ್ಪಟ್ಟು ಹೋದೀತು. ಅದಕ್ಕೇ ಮನೆಯ ಬಾಟಲಿಯನ್ನೇ ಒಯ್ಯುವುದು. ಡಾಕ್ಟರಿಗೆ ತೋರಿಸಿ, ಮೇಲೆ ಪ್ಲಾಸ್ಟರ್ ಅಂಟಿಸಿ ಪೆನ್ನಲ್ಲಿ ಬರೆದಿರುತ್ತೇನೆ: "10 ಕಿಲೋ, 6 ಎಂ.ಎಲ್." ಅಳೆಯುವುದು ಸೂಜಿಯಿಲ್ಲದ ಸಿರಿಂಜಿನಲ್ಲಿ. ಹೋಟೆಲಿನ ಚಮಚ ಲೆಕ್ಕಕ್ಕಿಲ್ಲ.

ಕೊಟ್ಟ ಹೊತ್ತನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಇಲ್ಲದಿದ್ದರೆ ಅಪ್ಪ ಒಮ್ಮೆ, ಅಜ್ಜಿ ಒಮ್ಮೆ ಕುಡಿಸಿಬಿಡುತ್ತಾರೆ. ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ನೆಗಡಿಯ ಸಿರಪ್ಪಿನಲ್ಲೂ ಹಲವು ಸಲ ಪ್ಯಾರಾಸಿಟಮಾಲ್ ಸೇರಿರುತ್ತದೆ, ಲೇಬಲ್ ಓದದೆ ಎರಡನ್ನೂ ಕೊಡುವುದಿಲ್ಲ.

ಮಲ್ಪೆ ಮರಳಿನಲ್ಲಿ ಮಧ್ಯಾಹ್ನ ಆಡಿದ ಮಗುವಿನ ಮೈ ಕೆಂಡದಂತಿದ್ದ ಮಾತ್ರಕ್ಕೆ ಅದು ಜ್ವರವಾಗಬೇಕಿಲ್ಲ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈಯ ಬಿಸಿ ಇಳಿಯುವುದಿಲ್ಲ. ನೆರಳಿನಲ್ಲಿ ಕೂರಿಸಿ, ಒದ್ದೆ ಬಟ್ಟೆ ಕಳಚಿ, ನೀರು ಕುಡಿಸಿ, ಅರ್ಧ ಗಂಟೆ ಬಿಟ್ಟು ಕಂಕುಳ ಒರೆಸಿ ಡಿಜಿಟಲ್ ಥರ್ಮಾಮೀಟರ್ ಇಡುತ್ತೇನೆ. ಬಿಸಿಲಿನಿಂದ ಏರಿದ ಬಿಸಿ ಸಿರಪ್ಪಿಗೆ ಬಗ್ಗದು. ಮಗು ತೂಕಡಿಸಿದರೆ, ತೊದಲಿದರೆ ಈ ಅರ್ಧ ಗಂಟೆಯೂ ಬೇಡ, ನೇರ ಆಸ್ಪತ್ರೆಗೆ.

ಜ್ವರವೇ ಆದರೆ ತೆಳು ಹತ್ತಿಯಂಗಿ, ಫ್ಯಾನು. ಅಜ್ಜಿ ಹೊದಿಸುವ ಕಂಬಳಿಗೆ ನನ್ನ ತಕರಾರಿದೆ. ಒರೆಸುವುದಾದರೆ ಉಗುರುಬೆಚ್ಚಗಿನ ನೀರು. ತಣ್ಣೀರು ಹಾಕಿದರೆ ಮೈ ನಡುಗಿ ಬಿಸಿ ಇನ್ನೂ ಏರುತ್ತದೆ. ಊಟಕ್ಕೆ ಬಲವಂತವಿಲ್ಲ, ಹೋಟೆಲಿನವರನ್ನು ಕೇಳಿದರೆ ಕುಚ್ಚಲಕ್ಕಿ ಗಂಜಿಯ ತಿಳಿ ಸಿಗುತ್ತದೆ, ಉಪ್ಪು ಹಾಕಿ ಕುಡಿಸಬಹುದು. ವಾಂತಿಭೇದಿ ಇದ್ದರೆ ಓಆರ್‌ಎಸ್ಸೇ ಬೇಕು. ದೊಡ್ಡ ಪೊಟ್ಟಣಕ್ಕೆ ಪೂರಾ ಒಂದು ಲೀಟರ್ ನೀರು, ಸಣ್ಣದಕ್ಕೆ 200 ಎಂ.ಎಲ್. ಬೊಂಡದ ನೀರು ಅದರ ಜಾಗ ತುಂಬದು, ಅದರಲ್ಲಿ ಸೋಡಿಯಂ ಕಡಿಮೆ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಾನು ಕಾಯುವುದಿಲ್ಲ, ನೇರ ಆಸ್ಪತ್ರೆಗೆ. ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ನಡವಳಿಕೆ ನೋಡುತ್ತೇನೆ: ಎಂಟು ತಾಸು ಮೂತ್ರವಿಲ್ಲ, ಉಸಿರಿಗೆ ಪಕ್ಕೆ ಒಳಹೋಗುತ್ತಿದೆ, ಎಬ್ಬಿಸಿದರೂ ಏಳುತ್ತಿಲ್ಲ ಎಂದರೆ ಹೊರಡುವುದೇ. ಉಡುಪಿಯಿಂದ ಮಣಿಪಾಲ ಹತ್ತಿರ, ಮಂಗಳೂರಿನಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ಗಾಡಿಯಿಲ್ಲದಿದ್ದರೆ 108. ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡುವುದು. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬಾರದು. ಐದು ನಿಮಿಷಕ್ಕೂ ನಿಲ್ಲದಿದ್ದರೆ 108. ಬೇಗ ನಿಂತರೂ ಮೊದಲ ಸಲವಾದರೆ ಅಂದೇ ಡಾಕ್ಟರು ನೋಡಬೇಕು. ಜ್ವರದ ಮಗುವನ್ನು ಕೂರಿಸಿಕೊಂಡು ರಾತ್ರಿ ಶಿರಾಡಿ ಘಾಟಿ ಹತ್ತುವುದಿಲ್ಲ. ತಿರುವಿಗೆ ವಾಂತಿ, ನಡುವೆ ಫೋನೂ ಸಿಗದು.

ಇನ್ನು ಸೊಳ್ಳೆ. ಬಂದ ಎರಡನೇ ದಿನದ ಜ್ವರಕ್ಕೆ ಇಲ್ಲಿನ ಸೊಳ್ಳೆಯನ್ನು ದೂರಬೇಡಿ; ಡೆಂಗಿಗೆ ಕನಿಷ್ಠ ನಾಲ್ಕೈದು ದಿನ, ಮಲೇರಿಯಾಕ್ಕೆ ವಾರವಾದರೂ ಬೇಕು. ಡೆಂಗಿಯ ಅನುಮಾನ ತೀರುವವರೆಗೆ ಜ್ವರ-ನೋವಿನ ಬೇರೆ ಔಷಧಿಗಳಾದ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಮುಟ್ಟುವುದಿಲ್ಲ, ರಕ್ತಸ್ರಾವದ ಭಯವಿದೆ. ಆಸ್ಪಿರಿನ್ ಎಂದಿಗೂ ಇಲ್ಲ. ಊರಿಗೆ ಮರಳಿ ತಿಂಗಳೊಳಗೆ ಚಳಿಜ್ವರ ಬಂದರೆ ಡಾಕ್ಟರ ಮುಂದೆ ನಮ್ಮ ಮೊದಲ ಮಾತು "ಮಲ್ಪೆ, ಮಂಗಳೂರು ಕಡೆ ಹೋಗಿದ್ದೆವು". ರಕ್ತಪರೀಕ್ಷೆಯ ಚೀಟಿಯಲ್ಲಿ ಮಲೇರಿಯಾ ಸೇರುವುದು ಆ ಮಾತಿನಿಂದಲೇ.