ಸಂಶೋಧನೆಗೆ ದುಡ್ಡು ಎಲ್ಲಿ ಸಿಗುತ್ತದೆ? ಹುಡುಕುವುದು ಹೀಗೆ

ಪಿಎಚ್.ಡಿ. ಮಾಡುವವರಾಗಲಿ, ಪದವಿ ಕಾಲೇಜಿನ ಮೇಷ್ಟ್ರಾಗಲಿ, ಅನುದಾನ ಬೇಕು ಅಂದಕೂಡಲೇ ಗೂಗಲ್ ತೆರೆಯುತ್ತಾರೆ. ಅಲ್ಲಿ ಸಿಗುವುದು ಕೊನೆಯ ದಿನಾಂಕ ಮುಗಿದ ಅಧಿಸೂಚನೆ, ಇಲ್ಲವೇ ನಮಗೆ ಅನ್ವಯವೇ ಆಗದ ಸ್ಕಾಲರ್‌ಶಿಪ್. ಉಲ್ಟಾ ದಿಕ್ಕಿನಿಂದ ಹೊರಟರೆ ಕೆಲಸ ಸಲೀಸು. ನಿಮ್ಮಂಥದ್ದೇ ವಿಷಯಕ್ಕೆ ಹಿಂದೆ ಯಾರು ಹಣ ಕೊಟ್ಟಿದ್ದಾರೆ ಅಂತ ನೋಡಿ. ಹೊಸಬರಿಗಿಂತ ಅವರೇ ಮತ್ತೆ ಕೊಡುವ ಸಾಧ್ಯತೆ ಜಾಸ್ತಿ.

ಮಾತಿಗೆ ಒಂದು ವಿಷಯ ಇಟ್ಟುಕೊಳ್ಳೋಣ. ಪಾವಗಡ, ಮಧುಗಿರಿ ಕಡೆಯ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಗಳು ಏನಾದರು? ಇದು ನಿಮ್ಮ ಸಂಶೋಧನೆ.

1. ಕೃತಜ್ಞತೆಯ ಪುಟ ಓದಿ

ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಕೆರೆ, ನೀರಾವರಿ, ಗ್ರಾಮ ಆಡಳಿತದ ಮೇಲಿನ ಹತ್ತಿಪ್ಪತ್ತು ಪ್ರಬಂಧ ಇಳಿಸಿಕೊಳ್ಳಿ. ಅಧ್ಯಾಯಗಳನ್ನು ಆಮೇಲೆ ಓದಿದರಾಯಿತು, ಮೊದಲು ಕೃತಜ್ಞತೆಯ ಪುಟ ತೆರೆಯಿರಿ. ಗೈಡ್, ತಂದೆ ತಾಯಿ, ಟೈಪ್ ಮಾಡಿಕೊಟ್ಟವರ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಫೆಲೋಶಿಪ್ ಕೊಟ್ಟ ಸಂಸ್ಥೆಯ ಹೆಸರು ಇರುತ್ತದೆ. ಜರ್ನಲ್ ಲೇಖನಗಳಲ್ಲಾದರೆ ಮೊದಲ ಪುಟದ ಅಡಿಟಿಪ್ಪಣಿಯಲ್ಲೋ ಕೊನೆಯಲ್ಲೋ ನೋಡಿ. ಸಂಸ್ಥೆ, ಯೋಜನೆಯ ಹೆಸರು, ವರ್ಷ ಮೂರನ್ನೂ ಬರೆದಿಡಿ.

ವರ್ಷ ಯಾಕೆ ಅಂದರೆ, ಯೋಜನೆಗಳು ಹೆಸರು ಬದಲಿಸುತ್ತಲೇ ಇರುತ್ತವೆ. ಹಳೆಯ ವಿಜ್ಞಾನ ಲೇಖನಗಳಲ್ಲಿ ಎಸ್‌ಇಆರ್‌ಬಿ ಅಂತ ಕಾಣುವ, ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಈಗ ಇಲ್ಲ. 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಅದು ಸೇರಿಹೋಗಿದೆ.

2. ಹೊಟ್ಟೆಪಾಡೋ, ಕೆಲಸದ ಖರ್ಚೋ?

ಎರಡನ್ನೂ ಒಂದೇ ಕಡೆ ಕೇಳಬೇಡಿ. ತಿಂಗಳು ತಿಂಗಳು ಕೈಗೆ ಬರುವುದು ಫೆಲೋಶಿಪ್. ನಿಗದಿತ ಕೆಲಸಕ್ಕೆ ಸಂಸ್ಥೆಯ ಖಾತೆಗೆ ಬರುವುದು ಪ್ರಾಜೆಕ್ಟ್ ಹಣ.

ಫೆಲೋಶಿಪ್ ಪೈಕಿ ಎಲ್ಲರಿಗೂ ಗೊತ್ತಿರುವುದು ಯುಜಿಸಿಯ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್. 2023ರ ಪರಿಷ್ಕರಣೆಯಲ್ಲಿ ಇದು ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಆಯಿತು. ವಯಸ್ಸಿನ ಮಿತಿ 30. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆಗಳ ಪ್ರಕಟಣೆ ನೋಡುತ್ತಿರಿ. ವಿಶ್ವವಿದ್ಯಾಲಯದ ನೋಟಿಸ್ ಬೋರ್ಡನ್ನೂ ಮರೆಯಬೇಡಿ. ಒಟ್ಟಿಗೆ ಎರಡು ಫೆಲೋಶಿಪ್ ತೆಗೆದುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೊಟ್ಟ ಮೇಲೆ ಗೊತ್ತಾದರೆ ಹಣ ವಾಪಸ್ ಕಟ್ಟಬೇಕಾಗುತ್ತದೆ.

3. ಒಂದೇ ವಿಷಯ, ನಾಲ್ಕು ಕಡೆ

ಇಲ್ಲಿಯೇ ಬಹಳ ಜನ ಎಡವುವುದು. ಒಂದೇ ಪ್ರೊಪೋಸಲನ್ನು ಹೆಸರು ಮಾತ್ರ ಬದಲಿಸಿ ಎಲ್ಲರಿಗೂ ಕಳಿಸುತ್ತಾರೆ. ನೀರಗಂಟಿ ಒಬ್ಬನೇ, ಆದರೆ ಪ್ರತಿ ಸಂಸ್ಥೆಗೂ ಅವನಲ್ಲಿ ಬೇಕಾದ್ದು ಬೇರೆ.

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು 1969ರಿಂದ ಇದೆ. ಎಲ್ಲರೂ ಐಸಿಎಸ್‌ಎಸ್‌ಆರ್ ಅಂತಲೇ ಕರೆಯುವುದು. ಅವರಿಗೆ ಬರೆಯುವಾಗ ಪ್ರಶ್ನೆ ಹೀಗಿರಲಿ: ನೀರು ಹಂಚುವ ಅಧಿಕಾರ ಊರಿನ ಕೈಯಿಂದ ಇಲಾಖೆಗೆ ಹೋದ ಮೇಲೆ ಕಾಲುವೆಯ ಕೊನೆಯ ರೈತನಿಗೆ ಏನಾಯಿತು? ಎಷ್ಟು ಊರು, ಎಷ್ಟು ಮನೆ, ಯಾವ ವಿಧಾನ ಎಂಬುದನ್ನು ಅವರು ಕೇಳಿಯೇ ಕೇಳುತ್ತಾರೆ. ಇತಿಹಾಸದವರಾದರೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು, ಅಂದರೆ ಐಸಿಎಚ್‌ಆರ್. ಬೆಂಗಳೂರಿನಲ್ಲೂ ಅದರ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿ ಕೆರೆ ಶಾಸನ, ಮೈಸೂರು ಸಂಸ್ಥಾನದ ಕಡತ, ಪತ್ರಾಗಾರದಲ್ಲಿ ಕೂತು ಮಾಡುವ ಕೆಲಸ ಮುಂದೆ ಬರಬೇಕು.

ನೀರಗಂಟಿಗಳ ಮನೆಯ ಹಾಡು, ಕೆರೆಯ ಹಬ್ಬ, ತೂಬಿನ ಪೂಜೆ ನಿಮ್ಮ ಆಸಕ್ತಿಯಾದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. 1993ರಲ್ಲಿ ಶುರುವಾದ ಸಂಸ್ಥೆ. ವಿಶ್ವವಿದ್ಯಾಲಯದಲ್ಲಿ ಇಲ್ಲದವರೂ ಅರ್ಜಿ ಹಾಕಬಹುದು, ಕನ್ನಡದಲ್ಲೇ ಬರೆದು ಕಳಿಸಬಹುದು. ಇಂಗ್ಲಿಷಿಗೆ ಹೆದರಿ ಹಿಂದೆ ಸರಿದವರಿಗೆ ಇದನ್ನು ಬೇಕಂತಲೇ ಒತ್ತಿ ಹೇಳುತ್ತಿದ್ದೇನೆ. ವಿಷಯ ಪುಸ್ತಕವಾಗುವಂತಿದ್ದರೆ, ಸ್ವತಂತ್ರ ಭಾರತದ ಕುರಿತ ಬರವಣಿಗೆಗೆ ಫೆಲೋಶಿಪ್ ಕೊಡುವ ನ್ಯೂ ಇಂಡಿಯಾ ಫೌಂಡೇಶನ್ ಇದೆ.

ವಿಜ್ಞಾನದವರ ದಾರಿ ಇನ್ನೂ ನೇರ. ಮೇಲೆ ಹೇಳಿದ ಅನುಸಂಧಾನ್ ಪ್ರತಿಷ್ಠಾನ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ), ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವೈದ್ಯಕೀಯ ಸಂಶೋಧನೆಗೆ ಐಸಿಎಂಆರ್ ಇವೆ. ರಾಜ್ಯದ ಮಟ್ಟದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್ ಕೂಡ ಇದೆ. ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟಿಗಾದರೆ ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸಣ್ಣ ಮೊತ್ತ ಕೊಡುತ್ತದೆ.

4. ಬಜೆಟ್ ಬಿಡಿಸಿ ಬರೆಯಿರಿ

‘ಕ್ಷೇತ್ರಕಾರ್ಯ: 1 ಲಕ್ಷ’ ಅಂತ ಒಂದೇ ಸಾಲು ಬರೆದರೆ ಓದುವವರಿಗೆ ಅನುಮಾನ ಬರುತ್ತದೆ. ಸಹಜ ಅಲ್ವಾ? ಹೀಗೆ ಬರೆಯಿರಿ: ವರ್ಷಕ್ಕೆ 10 ಸಲ ಪಾವಗಡ, ಪ್ರತಿ ಸಲ 4 ದಿನ, ಇಬ್ಬರು. ಬಸ್ ಚಾರ್ಜು ಇಷ್ಟು, ರೂಮ್ ಬಾಡಿಗೆ ಇಷ್ಟು, ಹಳ್ಳಿಗಳಿಗೆ ಆಟೋ ಇಷ್ಟು. ಬೇಸಿಗೆಯಲ್ಲಿ ಕೆರೆ ಒಣಗಿರುತ್ತದೆ. ಹಾಗಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚು ಸಲ ಹೋಗುತ್ತೇವೆ ಅಂತ ಒಂದು ಸಾಲು ಸೇರಿಸಿದರೆ, ಊರು ನೋಡಿದವರೇ ಬರೆದದ್ದು ಅಂತ ತಿಳಿಯುತ್ತದೆ.

ಎಲ್ಲರೂ ಮರೆಯುವ ಖರ್ಚು ಸಂದರ್ಶನಗಳನ್ನು ಅಕ್ಷರಕ್ಕಿಳಿಸುವುದು. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಟೈಪ್ ಮಾಡಲು ಸುಲಭವಾಗಿ ಐದಾರು ಗಂಟೆ ಹಿಡಿಯುತ್ತದೆ. 40 ಸಂದರ್ಶನ ಇದ್ದರೆ ಅದು ಒಬ್ಬರಿಗೆ ಒಂದೆರಡು ತಿಂಗಳ ಪೂರ್ತಿ ಕೆಲಸ. ಅದಕ್ಕೆ ದುಡ್ಡು ಇಡದಿದ್ದರೆ ಕೊನೆಗೆ ರಾತ್ರಿ ನೀವೇ ಕೂರಬೇಕು. ಇನ್ನು ಲ್ಯಾಪ್‌ಟಾಪ್ ಕೇಳುವ ಮೊದಲು ನಿಯಮ ಓದಿ. ಹಲವರು ಉಪಕರಣಕ್ಕೆ ಹಣ ಕೊಡುವುದಿಲ್ಲ. ಕೊಟ್ಟರೂ ಅದು ಸಂಸ್ಥೆಯ ಆಸ್ತಿ.

5. ಸಹಿಗೆ ಸಮಯ ಇಟ್ಟುಕೊಳ್ಳಿ

ಪ್ರಾಜೆಕ್ಟ್ ಅರ್ಜಿಗೆ ಸಾಮಾನ್ಯವಾಗಿ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ವಿಭಾಗದ ಮುಖ್ಯಸ್ಥರು, ಪ್ರಿನ್ಸಿಪಾಲ್, ಕುಲಸಚಿವರು ಹೀಗೆ ಫೈಲು ಸುತ್ತುತ್ತದೆ. ಸಾಹೇಬರು ರಜೆಯಲ್ಲಿದ್ದರೆ ಮುಗಿಯಿತು ಕಥೆ. ಕೊನೆಯ ದಿನಾಂಕಕ್ಕೆ ಮೂರು ವಾರ ಇರುವಾಗಲೇ ಪತ್ರ ಹೊರಡಲಿ. ವಿದೇಶಿ ಸಂಸ್ಥೆಯ ಹಣವಾದರೆ ನಿಮ್ಮ ಕಾಲೇಜು ಅಥವಾ ಟ್ರಸ್ಟ್ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಪ್ರಕಾರ ಅದನ್ನು ಪಡೆಯಬಹುದೇ ಅಂತ ಅಕೌಂಟ್ಸ್ ವಿಭಾಗದಲ್ಲಿ ಮೊದಲೇ ವಿಚಾರಿಸಿ. ಹಣ ಮಂಜೂರಾದ ಮೇಲೆ ವಿಚಾರಿಸಿದರೆ ಪ್ರಯೋಜನವಿಲ್ಲ. ‘ಗ್ರಾಂಟ್ ಮಾಡಿಸಿಕೊಡ್ತೀವಿ, ಇಷ್ಟು ಪರ್ಸೆಂಟ್ ಕೊಡಿ’ ಅನ್ನುವವರ ಫೋನ್ ಎತ್ತಲೇಬೇಡಿ.

ಅರ್ಜಿ ತಿರಸ್ಕಾರವಾದರೆ ತಜ್ಞರ ಟಿಪ್ಪಣಿ ಕೊಡುತ್ತಾರಾ ಅಂತ ಒಂದು ಇಮೇಲ್ ಹಾಕಿ. ಕೊಟ್ಟರೆ ಮುಂದಿನ ಸಲದ ಅರ್ಧ ಕೆಲಸ ಆದಂತೆ. ಹಣ ಬಂದರೆ ಮೊದಲ ದಿನದಿಂದಲೇ ಬಸ್ ಟಿಕೆಟ್ಟು, ರೂಮಿನ ಬಿಲ್ಲು ಎಲ್ಲದರ ಫೋಟೋ ತೆಗೆದಿಡಿ. ಟಿಕೆಟ್ಟಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಹಣ ಬಳಕೆಯ ಪ್ರಮಾಣಪತ್ರ, ಅಂದರೆ ಯುಸಿ, ತಲುಪುವವರೆಗೆ ಎರಡನೇ ಕಂತು ಬಿಡುಗಡೆ ಆಗುವುದಿಲ್ಲ.